ವೀಲ್‌ಚೇರ್ ಚಿಹ್ನೆ ಎತ್ತರದ ಬಗ್ಗೆ ಹೇಳುವುದಿಲ್ಲ: ಪರ್ವತ ಉದ್ಯಾನಕ್ಕೆ ಹೊರಡುವ ಮುನ್ನ ತಿಳಿಯಬೇಕಾದದ್ದು

ಮಗ ಅಥವಾ ಮಗಳು ಅಮೆರಿಕದಲ್ಲಿದ್ದಾರೆ, ತಂದೆ-ತಾಯಿ ಎರಡು-ಮೂರು ತಿಂಗಳು ಇದ್ದು ಬರಲು ಹೊರಟಿದ್ದಾರೆ. ಪುಣೆ, ಹೈದರಾಬಾದ್, ಚೆನ್ನೈಗಳ ಕನ್ನಡ ಮನೆಗಳಲ್ಲಿ ಇದೀಗ ಸಾಮಾನ್ಯ ಸಂಗತಿ. ಹೀಗೆ ಹೋಗುವವರಲ್ಲಿ ಪಾರ್ಶ್ವವಾಯುವಿನ ನಂತರ ಕೋಲು ಹಿಡಿದು ನಡೆಯುವವರಿದ್ದಾರೆ, ಬೆನ್ನುಹುರಿಗೆ ಪೆಟ್ಟಾಗಿ ವೀಲ್‌ಚೇರ್ ಬಳಸುವವರಿದ್ದಾರೆ, ಪಾರ್ಕಿನ್ಸನ್ ಕಾಯಿಲೆಯಿಂದ ಹೆಜ್ಜೆ ನಿಧಾನವಾದವರಿದ್ದಾರೆ. ಕೊಲೊರಾಡೊ ರಾಜ್ಯದ ಡೆನ್ವರ್ ಕಡೆ ಮಕ್ಕಳಿದ್ದರೆ ಒಂದು ಪ್ರವಾಸ ಬಹುತೇಕ ಖಚಿತ: ರಾಕಿ ಮೌಂಟನ್ ರಾಷ್ಟ್ರೀಯ ಉದ್ಯಾನ. "ಅಲ್ಲಿ ವೀಲ್‌ಚೇರ್ ಹೋಗುತ್ತೆ ಅಪ್ಪಾ, ಚಿಂತೆ ಬೇಡ" ಎಂದು ಮಕ್ಕಳು ಧೈರ್ಯ ಹೇಳುತ್ತಾರೆ.

ಈ ಮಾತು ಸುಳ್ಳಲ್ಲ, ಆದರೆ ಪೂರ್ತಿಯೂ ಅಲ್ಲ. ಉದ್ಯಾನದ ನಕ್ಷೆಯಲ್ಲಿರುವ ವೀಲ್‌ಚೇರ್ ಚಿಹ್ನೆ ದಾರಿಯ ಬಗ್ಗೆ ಮಾತ್ರ ಹೇಳುತ್ತದೆ. ದಾರಿ ಅಗಲವಾಗಿದೆ, ಗಟ್ಟಿಯಾಗಿದೆ, ಇಳಿಜಾರು ಕಡಿಮೆ ಇದೆ ಎಂದು ಅದರ ಅರ್ಥ. ಆ ದಾರಿ ಸಮುದ್ರಮಟ್ಟದಿಂದ ಎಷ್ಟು ಎತ್ತರದಲ್ಲಿದೆ, ಅಲ್ಲಿನ ತೆಳು ಗಾಳಿಯನ್ನು ನಿಮ್ಮ ದೇಹ ತಾಳಿಕೊಳ್ಳುತ್ತದೆಯೇ ಎಂಬುದನ್ನು ಅದು ಹೇಳುವುದಿಲ್ಲ. ಹಾಗಾಗಿ ಪರ್ವತ ಪ್ರವಾಸಕ್ಕೆ ಎರಡು ಲೆಕ್ಕ ಬೇಕು: ಒಂದು ದಾರಿಯದು, ಇನ್ನೊಂದು ದೇಹದ್ದು. ಎರಡನ್ನೂ ಮೊದಲೇ ಮಾಡಿಕೊಂಡರೆ ಇಂಥ ಪ್ರವಾಸ ಬಹಳ ಜನರಿಗೆ ಸಾಧ್ಯ. ಆ ಲೆಕ್ಕ ಮಾಡುವುದು ಹೇಗೆ ಎಂಬುದನ್ನು ಈ ಉದ್ಯಾನದ ಉದಾಹರಣೆಯಲ್ಲೇ ನೋಡೋಣ.

ಎತ್ತರ ಎಷ್ಟು, ಗಾಳಿ ಎಷ್ಟು?

ಗಾಳಿಯಲ್ಲಿ ಆಮ್ಲಜನಕದ ಪಾಲು ಎಲ್ಲ ಕಡೆಯೂ ಸುಮಾರು ಶೇ 21. ಆದರೆ ಮೇಲೆ ಹೋದಂತೆ ಗಾಳಿಯ ಒತ್ತಡ ಇಳಿಯುತ್ತದೆ. ಆದ್ದರಿಂದ ಒಂದು ಉಸಿರಿನಲ್ಲಿ ಒಳಗೆ ಹೋಗುವ ಆಮ್ಲಜನಕವೂ ಕಡಿಮೆಯಾಗುತ್ತದೆ. ಸಮುದ್ರಮಟ್ಟದ ಮುಂಬೈ ಅಥವಾ ಚೆನ್ನೈಗೆ ಹೋಲಿಸಿದರೆ ಅಂದಾಜು ಹೀಗಿದೆ:

• ಡೆನ್ವರ್ ನಗರ, ಸುಮಾರು 1,600 ಮೀಟರ್: ಶೇ 82.
• ಉದ್ಯಾನದ ಬಾಗಿಲಲ್ಲಿರುವ ಎಸ್ಟಿಸ್ ಪಾರ್ಕ್ ಊರು, ಸುಮಾರು 2,300 ಮೀಟರ್: ಶೇ 76. ಇದು ಹೆಚ್ಚುಕಡಿಮೆ ಊಟಿಯ ಎತ್ತರ.
• ವೀಲ್‌ಚೇರ್ ಸ್ನೇಹಿ ದಾರಿ ಇರುವ ಸ್ಪ್ರೇಗ್ ಕೆರೆ, ಸುಮಾರು 2,650 ಮೀಟರ್: ಶೇ 72.
• ಬೆಟ್ಟದ ನೆತ್ತಿಯ ಆಲ್ಪೈನ್ ಸಂದರ್ಶಕರ ಕೇಂದ್ರ, ಸುಮಾರು 3,595 ಮೀಟರ್: ಶೇ 65ರ ಆಸುಪಾಸು. ಇದು ಲೇಹ್ ಪಟ್ಟಣಕ್ಕಿಂತ ಸ್ವಲ್ಪ ಹೆಚ್ಚು.

ಮೂರನೆಯ ಸಾಲನ್ನು ಇನ್ನೊಮ್ಮೆ ನೋಡಿ. ದಕ್ಷಿಣ ಭಾರತದ ಅತಿ ಎತ್ತರದ ಶಿಖರ, ಕೇರಳದ ಆನಮುಡಿ, 2,695 ಮೀಟರ್ ಇದೆ. ಅಂದರೆ ಸ್ಪ್ರೇಗ್ ಕೆರೆಯ ದಡದಲ್ಲಿ ಸಮತಟ್ಟಾದ ದಾರಿಯಲ್ಲಿ ವೀಲ್‌ಚೇರ್ ತಳ್ಳುವುದೆಂದರೆ ಹೆಚ್ಚುಕಡಿಮೆ ಆನಮುಡಿಯ ತುದಿಯಲ್ಲಿ ತಳ್ಳಿದಂತೆ. ಕೂತವರಿಗೆ ಉಸಿರು ಸಾಕಾಗುತ್ತದೆಯೇ ಎಂಬುದರ ಜೊತೆಗೆ ತಳ್ಳುವವರಿಗೆ ಸಾಕಾಗುತ್ತದೆಯೇ ಎಂಬುದೂ ಇಲ್ಲಿ ಪ್ರಶ್ನೆ. ಅರವತ್ತೈದರ ಅಮ್ಮ ಎಪ್ಪತ್ತರ ಅಪ್ಪನನ್ನು ತಳ್ಳುವುದಾದರೆ ಲೆಕ್ಕ ಇಬ್ಬರದೂ ಆಗಬೇಕು.

ಎತ್ತರದ ಕಾಯಿಲೆ ಸಾಮಾನ್ಯವಾಗಿ 2,500 ಮೀಟರ್ ದಾಟಿದ ಮೇಲೆ ಹೆಚ್ಚು ಕಾಣಿಸಿಕೊಳ್ಳುತ್ತದೆ. ಕೆಲವರಿಗೆ ಅದಕ್ಕಿಂತ ಕೆಳಗೂ ಬರಬಹುದು. ತಲೆನೋವು, ವಾಕರಿಕೆ, ಹಸಿವಿಲ್ಲದಿರುವುದು, ಸುಸ್ತು, ತಲೆ ಸುತ್ತು ಇದರ ಮೊದಲ ಲಕ್ಷಣಗಳು. ಮೇಲೆ ಹೋದ ಕೂಡಲೇ ಅಲ್ಲ, ಕೆಲವು ಗಂಟೆಗಳ ನಂತರ ಶುರುವಾಗುವುದು ರೂಢಿ. ಆದ್ದರಿಂದ "ಮೇಲೆ ಇದ್ದಾಗ ಚೆನ್ನಾಗೇ ಇದ್ದರಲ್ಲ" ಎಂದು ರಾತ್ರಿಯ ತಲೆನೋವನ್ನು ತಳ್ಳಿಹಾಕಬೇಡಿ.

ಉದ್ಯಾನದಲ್ಲಿ ಯಾವ ಜಾಗ ಯಾರಿಗೆ?

ರಾಕಿ ಮೌಂಟನ್ ಉದ್ಯಾನ ಸ್ಥಾಪನೆಯಾದದ್ದು 1915ರಲ್ಲಿ. ಸಾವಿರ ಚದರ ಕಿಲೋಮೀಟರ್‌ಗೂ ಹೆಚ್ಚು ವಿಸ್ತಾರದ ಈ ಕಾಡು-ಬೆಟ್ಟದ ಬಹುಪಾಲನ್ನು 2009ರಲ್ಲಿ ಕಾನೂನಿನ ಪ್ರಕಾರ ವನ್ಯಪ್ರದೇಶವೆಂದು ಘೋಷಿಸಲಾಯಿತು. ಅಲ್ಲಿ ರಸ್ತೆ, ಕಟ್ಟಡ ಬರುವಂತಿಲ್ಲ. ಆದ್ದರಿಂದ ಉದ್ಯಾನದ ಎಲ್ಲ ಕಡೆ ರ್‍ಯಾಂಪ್ ಇರುವುದಿಲ್ಲ. ಆದರೂ ವೀಲ್‌ಚೇರ್ ಬಳಸುವವರಿಗೆ ಮತ್ತು ಹೆಚ್ಚು ನಡೆಯಲಾಗದವರಿಗೆ ಒಳ್ಳೆಯ ಜಾಗಗಳಿವೆ.

ಸ್ಪ್ರೇಗ್ ಕೆರೆ: ಕೆರೆಯ ಸುತ್ತ ಸುಮಾರು 1.3 ಕಿಲೋಮೀಟರ್ ದಾರಿ. ಬಹುತೇಕ ಸಮತಟ್ಟು, ಒತ್ತಿ ಗಟ್ಟಿ ಮಾಡಿದ ಜಲ್ಲಿಮಣ್ಣು, ಕೆಲವೆಡೆ ಮರದ ಹಲಗೆಯ ಸೇತುವೆ. ನೀರಿನಾಚೆ ಹಿಮದ ಶಿಖರಗಳು ಕಾಣುತ್ತವೆ. ಇಲ್ಲಿಂದ ಸುಮಾರು ಮುಕ್ಕಾಲು ಕಿಲೋಮೀಟರ್ ಒಳಗೆ, ವೀಲ್‌ಚೇರ್ ಬಳಸುವವರು ಕಾಡಿನಲ್ಲಿ ರಾತ್ರಿ ತಂಗಲೆಂದೇ ಮಾಡಿದ ಶಿಬಿರದ ಜಾಗವೂ ಇದೆ. ಅದಕ್ಕೆ ಮೊದಲೇ ಅನುಮತಿ ಪಡೆಯಬೇಕು.

ಲಿಲಿ ಕೆರೆ: ಸುಮಾರು 2,720 ಮೀಟರ್ ಎತ್ತರ. ಇದರ ಸುತ್ತಿನ ದಾರಿಯೂ ಸುಮಾರು 1.3 ಕಿಲೋಮೀಟರ್, ಸಮತಟ್ಟು. ವಾಹನ ನಿಲ್ಲಿಸುವ ಜಾಗಕ್ಕೆ ಹತ್ತಿರ.

ಕಯೋಟಿ ವ್ಯಾಲಿ ದಾರಿ: ಉದ್ಯಾನದ ಪಶ್ಚಿಮ ಭಾಗದಲ್ಲಿದೆ. ಇನ್ನೂ ಚಿಕ್ಕ ಹೊಳೆಯಂತಿರುವ ಕೊಲೊರಾಡೊ ನದಿಯ ಪಕ್ಕದಲ್ಲೇ ಸಾಗುತ್ತದೆ. ಹೋಗಿ ಬರಲು ಸುಮಾರು 1.6 ಕಿಲೋಮೀಟರ್.

ಬೇರ್ ಕೆರೆ: ಎಲ್ಲರೂ ಹೋಗುವ ಜಾಗ, 2,888 ಮೀಟರ್ ಎತ್ತರ. ವಾಹನ ನಿಲ್ದಾಣದಿಂದ ಕೆರೆಯ ದಡ ಬಹಳ ಹತ್ತಿರ. ಆದರೆ ಪೂರ್ತಿ ಸುತ್ತು ಹೊರಟರೆ ಕಡಿದಾದ ತುಣುಕುಗಳಿವೆ, ಜೊತೆಗೆ ಗಟ್ಟಿ ಕೈಗಳು ಬೇಕು. ದಡದಲ್ಲಿ ಕೂತು ನೋಡಿ ಮರಳಿದರೆ ನಷ್ಟವೇನಿಲ್ಲ.

ಟ್ರೇಲ್ ರಿಜ್ ರಸ್ತೆ: ಕಾರಿನಿಂದ ಇಳಿಯಲಾಗದವರಿಗೂ ಪರ್ವತದ ನೆತ್ತಿ ತೋರಿಸುವ ರಸ್ತೆ. ಸುಮಾರು 77 ಕಿಲೋಮೀಟರ್ ಉದ್ದ. ಅತಿ ಎತ್ತರದ ಬಿಂದು 3,713 ಮೀಟರ್. ಮರಗಳೇ ಬೆಳೆಯದ ಬಯಲಿನಲ್ಲಿ ಹಲವು ಕಿಲೋಮೀಟರ್ ಸಾಗುತ್ತದೆ. ಸಾಮಾನ್ಯವಾಗಿ ಮೇ ಕೊನೆಯಿಂದ ಅಕ್ಟೋಬರ್ ಮಧ್ಯದವರೆಗೆ ಮಾತ್ರ ತೆರೆದಿರುತ್ತದೆ. ದಾರಿಯುದ್ದಕ್ಕೂ ವಾಹನ ನಿಲ್ಲಿಸಿ ನೋಡುವ ತಾಣಗಳಿವೆ.

ಇದೇ ರಸ್ತೆಯಲ್ಲಿ ರಾಕ್ ಕಟ್ ಎಂಬಲ್ಲಿ ಒಂದು ಕಾಲುದಾರಿ ಇದೆ. ಸುಮಾರು 800 ಮೀಟರ್ ಉದ್ದ, ನೆಲ ಗಟ್ಟಿ ಮಾಡಿದ್ದಾರೆ, ನೋಡಲು ಸುಲಭ ಎನಿಸುತ್ತದೆ. ಆದರೆ ಅದು ಏರುದಾರಿ, ಅದೂ 3,700 ಮೀಟರ್ ಎತ್ತರದಲ್ಲಿ. ಗಟ್ಟಿಮುಟ್ಟಾದವರೂ ಅಲ್ಲಿ ಹತ್ತು ಹೆಜ್ಜೆಗೊಮ್ಮೆ ನಿಲ್ಲುತ್ತಾರೆ. ನುಣುಪಾದ ನೆಲ ಕಂಡು ವೀಲ್‌ಚೇರ್ ತಳ್ಳಲು ಹೊರಡಬೇಡಿ.

ಇಳಿಜಾರಿನ ಲೆಕ್ಕ

"ದಾರಿ ಸುಲಭವಾಗಿದೆಯೇ?" ಎಂದು ಕೇಳಿದರೆ ಪ್ರತಿಯೊಬ್ಬರೂ ತಮ್ಮ ಕಾಲಿನ ಅಳತೆಯಲ್ಲಿ ಉತ್ತರ ಕೊಡುತ್ತಾರೆ. ಅಂಕಿ ಕೇಳಿದರೆ ನಿಮ್ಮ ಕಾಲಿಗೆ ಹೊಂದುವ ಉತ್ತರ ಸಿಗುತ್ತದೆ. ಅಮೆರಿಕದಲ್ಲಿ ಸರ್ಕಾರಿ ಜಮೀನಿನ ಹೊರಾಂಗಣ ದಾರಿಗಳಿಗೆ 2013ರಿಂದ ಅಳತೆಯ ಮಾನದಂಡ ಇದೆ. ಅದರ ಮುಖ್ಯ ಅಂಶಗಳು ಎಲ್ಲಿಗೆ ಹೋದರೂ ಉಪಯೋಗಕ್ಕೆ ಬರುತ್ತವೆ:

• ದಾರಿಯ ಅಗಲ ಕನಿಷ್ಠ 36 ಇಂಚು, ಅಂದರೆ ಸುಮಾರು 91 ಸೆಂಟಿಮೀಟರ್.
• 20 ಮೀಟರ್ ಮುಂದೆ ಹೋದಾಗ 1 ಮೀಟರ್ ಏರುವಷ್ಟು (ಶೇ 5) ಇಳಿಜಾರು ಎಷ್ಟು ದೂರವಾದರೂ ಇರಬಹುದು.
• 12 ಮೀಟರ್‌ಗೆ 1 ಮೀಟರ್ ಏರು (ಶೇ 8.33) ಇದ್ದರೆ ಸುಮಾರು 60 ಮೀಟರ್ ಒಳಗೆ ನಿಂತು ಸುಧಾರಿಸಿಕೊಳ್ಳುವ ಸಮತಟ್ಟು ಜಾಗ ಬರಬೇಕು.
• 10 ಮೀಟರ್‌ಗೆ 1 ಮೀಟರ್ ಏರು ಇದ್ದರೆ ಸುಮಾರು 9 ಮೀಟರ್‌ಗೇ ಅಂಥ ಜಾಗ ಬೇಕು.

ಭೂಮಿಯ ಸ್ವರೂಪ ಒಪ್ಪದ ಕಡೆ ವಿನಾಯಿತಿ ಉಂಟು. ಹಳೆಯ ದಾರಿಗಳೆಲ್ಲ ಈ ಅಳತೆಗೆ ಹೊಂದುತ್ತವೆ ಎಂದೂ ಭಾವಿಸಬೇಕಿಲ್ಲ. ಆದ್ದರಿಂದ ಉದ್ಯಾನಕ್ಕೆ ಫೋನ್ ಮಾಡಿದಾಗ ಈ ಪ್ರಶ್ನೆ ಕೇಳಿ: "ಅತಿ ಕಡಿದಾದ ತುಣುಕು ಎಷ್ಟು, ಎಲ್ಲಿ ಬರುತ್ತದೆ?" ಒಂದು ಕಿಲೋಮೀಟರ್ ಸಮತಟ್ಟು ದಾರಿಯಲ್ಲಿ ಒಂದೇ ಒಂದು ಕಡಿದಾದ ತಿರುವು ಇದ್ದರೂ ನಿಮ್ಮ ಪಾಲಿಗೆ ದಾರಿ ಅಲ್ಲಿಗೇ ಮುಗಿಯುತ್ತದೆ. ಇಳಿಯುವಾಗ ಬ್ರೇಕ್ ಹಿಡಿಯಲು ಕೈಬಲ ಸಾಕೇ ಎಂಬುದನ್ನೂ ಯೋಚಿಸಿ. ಪಾರ್ಶ್ವವಾಯು ಆಗಿ ಒಂದೇ ಕೈಯಲ್ಲಿ ಚಕ್ರ ನಡೆಸುವವರಿಗೆ ಅಡ್ಡ ಇಳಿಜಾರು, ಅಂದರೆ ಒಂದು ಬದಿಗೆ ವಾಲಿದ ದಾರಿ, ಏರಿಗಿಂತ ಕಷ್ಟ.

ಯಾರು ಮೊದಲು ವೈದ್ಯರನ್ನು ಕಾಣಬೇಕು?

ಕೆಳಗಿನ ತೊಂದರೆ ಇರುವವರು ವಿಮಾನದ ಟಿಕೆಟ್ ತೆಗೆಯುವ ಮೊದಲೇ ತಮ್ಮ ವೈದ್ಯರಿಗೆ ಎತ್ತರದ ಅಂಕಿಗಳನ್ನು ತೋರಿಸಬೇಕು. "ಬೆಟ್ಟಕ್ಕೆ ಹೋಗಬಹುದಾ ಡಾಕ್ಟ್ರೇ?" ಎಂದಷ್ಟೇ ಕೇಳಬೇಡಿ. "2,300 ಮೀಟರ್‌ನಲ್ಲಿ ಎರಡು ರಾತ್ರಿ, ಹಗಲು ಎರಡು ಗಂಟೆ 3,600 ಮೀಟರ್‌ನಲ್ಲಿ" ಎಂದು ಬರೆದುಕೊಂಡು ಹೋಗಿ.

• ಶ್ವಾಸಕೋಶದ ದೀರ್ಘಕಾಲದ ಕಾಯಿಲೆ, ಶ್ವಾಸಕೋಶದ ರಕ್ತನಾಳಗಳಲ್ಲಿ ಅಧಿಕ ಒತ್ತಡ, ಹತೋಟಿಗೆ ಬಾರದ ಹೃದ್ರೋಗ.
• ಉಸಿರಾಟದ ಸ್ನಾಯುಗಳು ದುರ್ಬಲವಾಗಿರುವವರು: ಮಸ್ಕ್ಯುಲರ್ ಡಿಸ್ಟ್ರೊಫಿ, ಕುತ್ತಿಗೆ ಮಟ್ಟದ ಬೆನ್ನುಹುರಿ ಗಾಯ, ಬೆನ್ನುಮೂಳೆಯ ತೀವ್ರ ಬಾಗುವಿಕೆ. ರಾತ್ರಿ ಬೈಪ್ಯಾಪ್ ಯಂತ್ರ ಬಳಸುವವರು ಇದರಲ್ಲಿ ಸೇರುತ್ತಾರೆ.
• ಸಿಕಲ್ ಸೆಲ್ ಕಾಯಿಲೆ, ಥಲಸ್ಸೀಮಿಯ. ಭಾರತದ 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಗುರುತಿಸಿದ 21 ವೈಕಲ್ಯಗಳಲ್ಲಿ ಇವೂ ಇವೆ. ಕಾಲಿಗೆ ತೊಂದರೆ ಇಲ್ಲದ ಕಾರಣ ಇವರಿಗೆ ದಾರಿ ಸುಲಭ, ಆದರೆ ಎತ್ತರವೇ ಅಪಾಯ. ಆಮ್ಲಜನಕ ಕಡಿಮೆಯಾದಾಗ ಸಿಕಲ್ ಸೆಲ್ ಇರುವವರಿಗೆ ತೀವ್ರ ನೋವಿನ ಬಿಕ್ಕಟ್ಟು ಬರಬಹುದು.
• ಡೌನ್ ಸಿಂಡ್ರೋಮ್ ಇರುವವರು. ಎತ್ತರದಲ್ಲಿ ಶ್ವಾಸಕೋಶದಲ್ಲಿ ನೀರು ತುಂಬುವ ತೊಂದರೆ ಇವರಲ್ಲಿ ಕಡಿಮೆ ಎತ್ತರದಲ್ಲೂ ಕಂಡುಬಂದಿದೆ. ಹುಟ್ಟಿನಿಂದ ಹೃದಯದ ದೋಷವಿದ್ದರೆ ಇನ್ನೂ ಎಚ್ಚರ ಬೇಕು.
• ಹತೋಟಿಯಲ್ಲಿಲ್ಲದ ಫಿಟ್ಸ್, ಇತ್ತೀಚೆಗೆ ಆದ ಪಾರ್ಶ್ವವಾಯು.

ಔಷಧಗಳ ಬಗ್ಗೆಯೂ ಕೇಳಿ. ಎತ್ತರದ ಕಾಯಿಲೆ ತಡೆಯಲು ಕೊಡುವ ಅಸೆಟಜೋಲಮೈಡ್ ಮಾತ್ರೆ ಮೂತ್ರ ಹೆಚ್ಚಿಸುತ್ತದೆ. ಕ್ಯಾಥೆಟರ್ ಬಳಸುವವರಿಗೆ, ಶೌಚಾಲಯಕ್ಕೆ ಹೋಗಲು ಇನ್ನೊಬ್ಬರ ನೆರವು ಬೇಕಾದವರಿಗೆ ಇದು ಸಣ್ಣ ವಿಷಯವಲ್ಲ. ಕೆಲವು ಫಿಟ್ಸ್ ಔಷಧಗಳ ಜೊತೆ, ಮೂತ್ರಪಿಂಡದ ಕಾಯಿಲೆಯಲ್ಲಿ ಅದು ಸರಿಹೊಂದದಿರಬಹುದು. ಪಕ್ಕದ ಮನೆಯವರು ಲಡಾಖ್‌ಗೆ ಹೋದಾಗ ತೆಗೆದುಕೊಂಡರೆಂದು ನೀವೂ ತೆಗೆದುಕೊಳ್ಳಬೇಡಿ. ನಿದ್ರೆ ಮಾತ್ರೆ, ಬಲವಾದ ನೋವಿನ ಮಾತ್ರೆ, ಮದ್ಯ ಇವು ಎತ್ತರದಲ್ಲಿ ನಿದ್ರೆಯ ಉಸಿರಾಟವನ್ನು ಇನ್ನಷ್ಟು ಕುಗ್ಗಿಸುತ್ತವೆ. ಸ್ನಾಯುಗಳ ಬಿಗಿತಕ್ಕೆ ಕೊಡುವ ಬ್ಯಾಕ್ಲೊಫೆನ್‌ನಂಥ ಔಷಧಗಳೂ ಮಂಪರು ತರುತ್ತವೆ. ಹಾಗೆಂದು ನೀವಾಗಿಯೇ ನಿಲ್ಲಿಸಬಾರದು, ಬ್ಯಾಕ್ಲೊಫೆನ್ ಥಟ್ಟನೆ ನಿಲ್ಲಿಸುವುದು ಅಪಾಯಕಾರಿ.

ಒಂದು ಸುಳಿವು ವಿಮಾನದಲ್ಲೇ ಸಿಗುತ್ತದೆ. ಹಾರುವಾಗ ವಿಮಾನದೊಳಗಿನ ಗಾಳಿಯ ಒತ್ತಡ ಸುಮಾರು 1,800ರಿಂದ 2,400 ಮೀಟರ್ ಎತ್ತರಕ್ಕೆ ಸಮ. ವಿಮಾನದಲ್ಲಿ ಉಸಿರಾಟಕ್ಕೆ ಕಷ್ಟವಾದವರು ಅಲ್ಲಿಂದ ಸೀದಾ ಬೆಟ್ಟಕ್ಕೆ ಹೋಗದೆ ವೈದ್ಯರನ್ನು ಕಾಣಬೇಕು.

ಅದೇ ತಲೆನೋವು, ಬೇರೆ ಬೇರೆ ಕಾರಣ

ಆರೈಕೆ ಮಾಡುವವರು ಮುಖ್ಯವಾಗಿ ತಿಳಿಯಬೇಕಾದದ್ದು ಇದು: ಎತ್ತರದ ಕಾಯಿಲೆಯ ಲಕ್ಷಣಗಳು ಮೊದಲೇ ಇರುವ ವೈಕಲ್ಯದ ಹಿಂದೆ ಅಡಗಿಕೊಳ್ಳುತ್ತವೆ. ಕೆಲವೊಮ್ಮೆ ಉಲ್ಟಾ ಆಗುತ್ತದೆ, ಬೇರೆ ತೊಂದರೆಯೊಂದು ಎತ್ತರದ ಕಾಯಿಲೆಯಂತೆ ಕಾಣುತ್ತದೆ.

ಬೆನ್ನುಹುರಿ ಗಾಯ: ಎದೆಯ ಮಟ್ಟದಲ್ಲಿ ಅಥವಾ ಅದಕ್ಕೂ ಮೇಲೆ (ಎದೆಯ ಆರನೇ ಕಶೇರು ಮತ್ತು ಮೇಲೆ) ಗಾಯವಾದವರಿಗೆ ಇದ್ದಕ್ಕಿದ್ದಂತೆ ರಕ್ತದೊತ್ತಡ ಏರುವ ಒಂದು ತುರ್ತು ಸ್ಥಿತಿ ಬರಬಹುದು. ಆಟೊನಾಮಿಕ್ ಡಿಸ್‌ರಿಫ್ಲೆಕ್ಸಿಯ ಎಂದು ಇದರ ಹೆಸರು. ತಲೆ ಸಿಡಿಯುವಂಥ ನೋವು, ಕೆಂಪಾದ ಮುಖ, ಗಾಯದ ಮಟ್ಟಕ್ಕಿಂತ ಮೇಲೆ ಬೆವರು ಇದರ ಗುರುತು. ಸಾಮಾನ್ಯ ಕಾರಣ ತುಂಬಿದ ಮೂತ್ರಕೋಶ ಅಥವಾ ಮಡಚಿಕೊಂಡ ಕ್ಯಾಥೆಟರ್ ಕೊಳವೆ. ದೀರ್ಘ ಕಾರು ಪ್ರಯಾಣದಲ್ಲಿ ಸೀಟ್‌ಬೆಲ್ಟ್ ಕೆಳಗೆ ಕೊಳವೆ ಸಿಕ್ಕಿಕೊಳ್ಳುವುದು ಸುಲಭ. ಬೆಟ್ಟದ ಮೇಲೆ ತಲೆನೋವು ಬಂದ ಕೂಡಲೇ "ಎತ್ತರಕ್ಕೆ ಹೀಗಾಗುತ್ತೆ" ಎಂದು ಮಾತ್ರೆ ಕೊಟ್ಟು ಮಲಗಿಸಿದರೆ ಹಾನಿಯಾಗಬಹುದು. ಮಲಗಿಸಬೇಡಿ. ನೇರ ಕೂರಿಸಿ, ಸಾಧ್ಯವಾದರೆ ಕಾಲು ಕೆಳಗಿಳಿಸಿ. ಬೆಲ್ಟ್, ಬಿಗಿಯಾದ ಬಟ್ಟೆ, ಶೂ ಸಡಿಲಿಸಿ. ಕ್ಯಾಥೆಟರ್ ನೋಡಿ, ಮೂತ್ರ ಹರಿಯುವಂತೆ ಮಾಡಿ. ರಕ್ತದೊತ್ತಡ ಅಳೆಯಿರಿ. ಇವರ ಎಂದಿನ ಮೇಲಿನ ಅಂಕಿಗಿಂತ 20ರಿಂದ 40 ಹೆಚ್ಚಿದ್ದರೆ ಅದೇ ಎಚ್ಚರಿಕೆ. ಕೂಡಲೇ ತಗ್ಗದಿದ್ದರೆ ತುರ್ತು ನೆರವು ಕರೆಯಿರಿ. ಎಂದಿನ ಅಂಕಿ ಎಷ್ಟೆಂದು ಊರಲ್ಲೇ ಬರೆದಿಟ್ಟುಕೊಂಡರೆ ಮಾತ್ರ ಈ ಹೋಲಿಕೆ ಸಾಧ್ಯ.

ನಡಿಗೆ ತಪ್ಪುವವರು: ಎತ್ತರದಲ್ಲಿ ಮಿದುಳು ಊದಿಕೊಂಡರೆ ಮೊದಲು ಕಾಣುವುದು ತೂರಾಡುವ ನಡಿಗೆ. ಪಾರ್ಕಿನ್ಸನ್, ಮಲ್ಟಿಪಲ್ ಸ್ಕ್ಲೆರೋಸಿಸ್, ಪಾರ್ಶ್ವವಾಯು ಇರುವವರ ನಡಿಗೆ ಮೊದಲೇ ಸರಿ ಇರುವುದಿಲ್ಲ. ಕಾಲು ಬಳಸದವರಲ್ಲಿ ನಡಿಗೆ ನೋಡಲು ಆಗುವುದೇ ಇಲ್ಲ. ಅಂಥವರಲ್ಲಿ ನಿನ್ನೆಗೂ ಇಂದಿಗೂ ಇರುವ ವ್ಯತ್ಯಾಸ ನೋಡಿ. ಕೂತಲ್ಲೇ ವಾಲುತ್ತಿದ್ದಾರೆಯೇ? ಲೋಟ ಹಿಡಿಯುವಾಗ ಕೈ ಗುರಿ ತಪ್ಪುತ್ತಿದೆಯೇ? ಮಾತು ಗೊಂದಲವಾಗಿದೆಯೇ?

ಹೇಳಿಕೊಳ್ಳಲಾಗದವರು: ಬೌದ್ಧಿಕ ವೈಕಲ್ಯ, ಸೆರೆಬ್ರಲ್ ಪಾಲ್ಸಿ, ಆಟಿಸಂ ಇರುವ ಮಕ್ಕಳು, ಪಾರ್ಶ್ವವಾಯುವಿನಿಂದ ಮಾತು ಹೋದವರು, ಮರೆವಿನ ಕಾಯಿಲೆಯವರು "ತಲೆ ನೋಯುತ್ತಿದೆ" ಎನ್ನದಿರಬಹುದು. ಊಟ ಬೇಡವೆನ್ನುವುದು, ಸಿಡಿಮಿಡಿ, ಎಂದಿಲ್ಲದ ಮೌನ, ಹಗಲಲ್ಲೇ ತೂಕಡಿಕೆ ಇವನ್ನು "ಪ್ರಯಾಣದ ಆಯಾಸ" ಎಂದು ಬಿಟ್ಟುಬಿಡಬೇಡಿ. ಅನುಮಾನವಿದ್ದರೆ ಎತ್ತರದ ಕಾಯಿಲೆ ಎಂದೇ ಭಾವಿಸಿ ಕೆಳಗಿಳಿಯಿರಿ.

ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರ್ ಜೊತೆಗಿರಲಿ, ಆದರೆ ಅದನ್ನೇ ನಂಬಿ ಕೂರಬೇಡಿ. 3,600 ಮೀಟರ್‌ನಲ್ಲಿ ಆರೋಗ್ಯವಂತರಿಗೂ ಶೇ 90ಕ್ಕಿಂತ ಕಡಿಮೆ ತೋರಿಸಬಹುದು. ತಣ್ಣಗಾದ ಬೆರಳು ತಪ್ಪು ಅಂಕಿ ಕೊಡುತ್ತದೆ. ಸುಮ್ಮನೆ ಕೂತಾಗಲೂ ಏದುಸಿರು, ಬಿಡದ ಕೆಮ್ಮು, ನೀಲಿಯಾದ ತುಟಿ, ಗೊಂದಲ, ಎಬ್ಬಿಸಿದರೂ ಏಳದ ಮಂಪರು ಇವುಗಳಲ್ಲಿ ಯಾವುದಿದ್ದರೂ ಕೂಡಲೇ ಕೆಳಗಿಳಿಯಬೇಕು, 911ಕ್ಕೆ ಕರೆ ಮಾಡಬೇಕು. ಉದ್ಯಾನದ ಬಹುಭಾಗದಲ್ಲಿ ಮೊಬೈಲ್ ಸಿಗ್ನಲ್ ಸಿಗುವುದಿಲ್ಲ. ಆದ್ದರಿಂದ ಫೋನಿಗಾಗಿ ಕಾಯುತ್ತ ನಿಲ್ಲದೆ ಇಳಿಯುವುದನ್ನು ಮೊದಲು ಶುರುಮಾಡಿ. ಅಂಗಡಿಯಲ್ಲಿ ಸಿಗುವ ಸಣ್ಣ ಆಕ್ಸಿಜನ್ ಡಬ್ಬಿ ಕೆಲವೇ ನಿಮಿಷ ಬರುತ್ತದೆ, ಅದು ಚಿಕಿತ್ಸೆ ಅಲ್ಲ.

ಚಳಿ, ಚರ್ಮ, ಬ್ಯಾಟರಿ

ಬೇಸಿಗೆಯಲ್ಲೂ ಮೇಲ್ಭಾಗದಲ್ಲಿ ಚಳಿಗಾಳಿ ಇರುತ್ತದೆ. ಬೆನ್ನುಹುರಿ ಗಾಯವಾದವರ ದೇಹ ಗಾಯದ ಕೆಳಗೆ ನಡುಗುವುದಿಲ್ಲ, ಬೆವರುವುದಿಲ್ಲ. ಆದ್ದರಿಂದ ಮೈ ಬೇಗ ತಣ್ಣಗಾಗುತ್ತದೆ, ಬಿಸಿಲಿನಲ್ಲಿ ಬೇಗ ಕಾಯುತ್ತದೆ. ತೆಳುವಾದ ಮೂರು ಪದರ ಬಟ್ಟೆ ಒಂದು ದಪ್ಪ ಸ್ವೆಟರ್‌ಗಿಂತ ಮೇಲು, ಒಂದೊಂದಾಗಿ ತೆಗೆಯಬಹುದು, ಹಾಕಬಹುದು.

ಅಮೆರಿಕದ ಅನೇಕ ಕಾರುಗಳಲ್ಲಿ ಸೀಟು ಬಿಸಿ ಮಾಡುವ ಸ್ವಿಚ್ ಇರುತ್ತದೆ. ಸ್ಪರ್ಶಜ್ಞಾನ ಇಲ್ಲದವರಿಗೆ, ಮಧುಮೇಹದಿಂದ ನರಗಳು ಮಂದವಾದವರಿಗೆ ಇದರಿಂದ ಗೊತ್ತಾಗದಂತೆ ಚರ್ಮ ಸುಡಬಹುದು. ಅವರ ಸೀಟಿನ ಸ್ವಿಚ್ ಆರಿಸಿಡಿ. ಕಾರಿನಲ್ಲೂ ಅವರ ಕುಶನ್ ಬಳಸಿ. 15ರಿಂದ 30 ನಿಮಿಷಕ್ಕೊಮ್ಮೆ ಭಾರ ಬದಲಿಸಲು ನೆನಪಿಸಿ. ಸಂಜೆ ಕೋಣೆಗೆ ಬಂದ ಮೇಲೆ ಬೆನ್ನಿನ ಕೆಳಭಾಗ, ಹಿಮ್ಮಡಿ, ಕಾಲ್ಬೆರಳು ನೋಡಿ. ಕೃತಕ ಕಾಲು ಬಳಸುವವರು ಹೆಚ್ಚುವರಿ ಕಾಲುಚೀಲ ಒಯ್ಯಬೇಕು. ದಿನವಿಡೀ ನಡೆದರೆ ಮೊಂಡುಕಾಲಿನ ಗಾತ್ರ ಬದಲಾಗಿ ಉಜ್ಜುತ್ತದೆ, ಇಳಿಜಾರಿನಲ್ಲಿ ಇನ್ನೂ ಹೆಚ್ಚು.

ಬ್ಯಾಟರಿ ವೀಲ್‌ಚೇರ್ ಚಳಿಯಲ್ಲಿ, ಏರಿನಲ್ಲಿ ಬೇಗ ಖಾಲಿಯಾಗುತ್ತದೆ. ಊರಲ್ಲಿ ಓಡುವ ದೂರದ ಅರ್ಧವನ್ನಷ್ಟೇ ನಂಬಿ. ಅಮೆರಿಕದ ವಿದ್ಯುತ್ 120 ವೋಲ್ಟ್, ಚಾರ್ಜರ್ ಅದಕ್ಕೆ ಹೊಂದುತ್ತದೆಯೇ ಎಂದು ಅದರ ಮೇಲಿನ ಚೀಟಿ ನೋಡಿ. ಲಿಥಿಯಂ ಬ್ಯಾಟರಿ ಎಷ್ಟು ವ್ಯಾಟ್-ಅವರ್ ಎಂಬುದನ್ನು ವಿಮಾನ ಸಂಸ್ಥೆಗೆ ಮೊದಲೇ ತಿಳಿಸಿ ಒಪ್ಪಿಗೆ ಪಡೆಯಿರಿ.

ದಿನ ಹೇಗೆ ಹೊಂದಿಸಬೇಕು?

ಡೆನ್ವರ್‌ನಲ್ಲಿ ಇಳಿದ ದಿನವೇ ಬೆಟ್ಟಕ್ಕೆ ಹೊರಡಬೇಡಿ. ಅಲ್ಲಿ ಎರಡು-ಮೂರು ದಿನ ಇದ್ದು, ಎಸ್ಟಿಸ್ ಪಾರ್ಕ್‌ನಲ್ಲಿ ಒಂದು ರಾತ್ರಿ ಕಳೆದು, ಮೊದಲು ಸ್ಪ್ರೇಗ್ ಅಥವಾ ಲಿಲಿ ಕೆರೆ ನೋಡಿ. ಎಲ್ಲ ಸರಿಯಿದ್ದರೆ ಮರುದಿನ ಟ್ರೇಲ್ ರಿಜ್ ರಸ್ತೆ. ಮಲಗುವುದು ಕೆಳಗೇ ಇರಲಿ. ಬೇಸಿಗೆಯಲ್ಲಿ ಮಧ್ಯಾಹ್ನ ಗುಡುಗು-ಸಿಡಿಲು ಸಾಮಾನ್ಯ, ಮರವಿಲ್ಲದ ಬಯಲಿನಲ್ಲಿ ಅವಿತುಕೊಳ್ಳಲು ಜಾಗ ಇರುವುದಿಲ್ಲ. ಬೇಗ ಓಡಲಾಗದವರು ಬೆಳಿಗ್ಗೆಯೇ ಮೇಲೆ ಹೋಗಿ ಮಧ್ಯಾಹ್ನಕ್ಕೆ ಮೊದಲು ಇಳಿಯಬೇಕು. ಮೋಡ ಕಟ್ಟಿದರೆ ಕಾರಿನೊಳಗೆ ಬನ್ನಿ.

ಬೇರ್ ಕೆರೆ ರಸ್ತೆಯ ಉಚಿತ ಬಸ್ಸುಗಳಲ್ಲಿ ವೀಲ್‌ಚೇರ್ ಏರಿಸುವ ವ್ಯವಸ್ಥೆ ಇದೆ. ಇತ್ತೀಚಿನ ವರ್ಷಗಳಲ್ಲಿ ಬೇಸಿಗೆ ಕಾಲದ ಪ್ರವೇಶಕ್ಕೆ ಸಮಯ ಕಾದಿರಿಸಬೇಕಾಗಿದೆ, ಹೊರಡುವ ಮುನ್ನ ಉದ್ಯಾನದ ಅಧಿಕೃತ ಜಾಲತಾಣ ನೋಡಿ. ಕಾಯಂ ವೈಕಲ್ಯವುಳ್ಳವರಿಗೆ ಅಮೆರಿಕ ಕೊಡುವ ಜೀವಾವಧಿಯ ಉಚಿತ ಪ್ರವೇಶ ಪಾಸ್ ಅಲ್ಲಿನ ನಾಗರಿಕರಿಗೆ ಮತ್ತು ಕಾಯಂ ನಿವಾಸಿಗಳಿಗೆ ಮಾತ್ರ. ಭಾರತದ ಯುಡಿಐಡಿ ಕಾರ್ಡ್ ತೋರಿಸಿದರೆ ಅದು ಸಿಗುವುದಿಲ್ಲ. ಆದರೂ ಕಾಯಿಲೆ, ಔಷಧ, ಅಲರ್ಜಿ ಬರೆದ ವೈದ್ಯರ ಪತ್ರ ಕೈಯಲ್ಲಿರಲಿ. ಮೊದಲೇ ಇರುವ ಕಾಯಿಲೆಗೆ ಪ್ರಯಾಣ ವಿಮೆ ಎಷ್ಟರ ಮಟ್ಟಿಗೆ ಅನ್ವಯಿಸುತ್ತದೆ ಎಂದು ಓದಿಕೊಳ್ಳಿ.

ಎಲ್ಕ್ ಎಂಬ ದೊಡ್ಡ ಜಿಂಕೆಗಳು ದಾರಿಗೇ ಬರುತ್ತವೆ. ಅವುಗಳಿಂದ ಕನಿಷ್ಠ 23 ಮೀಟರ್, ಮೂಸ್ ಮತ್ತು ಕರಡಿಯಿಂದ ಸುಮಾರು 37 ಮೀಟರ್ ದೂರ ಇರಬೇಕೆಂಬುದು ನಿಯಮ. ಹಿಂದೆ ಸರಿಯಲು ಹೊತ್ತು ಹಿಡಿಯುವವರು ಇನ್ನೂ ದೂರ ಇರುವುದು ಒಳ್ಳೆಯದು.

ನಮ್ಮ ಬೆಟ್ಟಗಳಲ್ಲಿ

ಈ ಎರಡು ಲೆಕ್ಕ ಭಾರತದ ಬೆಟ್ಟಗಳಿಗೂ ಹೊಂದುತ್ತದೆ. ಮುನ್ನಾರ್ ಹತ್ತಿರದ ಎರವಿಕುಳಂ ರಾಷ್ಟ್ರೀಯ ಉದ್ಯಾನದಲ್ಲಿ ಅರಣ್ಯ ಇಲಾಖೆಯ ಬಸ್ಸು ರಾಜಮಲೆಗೆ ಕರೆದೊಯ್ಯುತ್ತದೆ. ಅಲ್ಲಿಂದ ಮುಂದೆ ನೀಲಗಿರಿ ತಾರ್ ಎಂಬ ವರಯಾಡು ನೋಡಲು ಗಟ್ಟಿ ರಸ್ತೆಯಲ್ಲಿ ಏರಬೇಕು. ರಸ್ತೆ ಇದೆ ಎಂದ ಮಾತ್ರಕ್ಕೆ ಅದು ಸಮತಟ್ಟಲ್ಲ. ವರಯಾಡುಗಳು ಮರಿ ಹಾಕುವ ಕಾಲದಲ್ಲಿ, ಸಾಮಾನ್ಯವಾಗಿ ಫೆಬ್ರುವರಿ-ಮಾರ್ಚ್‌ನಲ್ಲಿ, ಉದ್ಯಾನ ಮುಚ್ಚಿರುತ್ತದೆ. ಉತ್ತರಾಖಂಡದ ಹೂಗಳ ಕಣಿವೆಗೆ ರಸ್ತೆಯೇ ಇಲ್ಲ, ನಡೆದೇ ಹೋಗಬೇಕು.

ಕಾನೂನು ನಿಮ್ಮ ಪರ ಇದೆ. 2016ರ ಕಾಯ್ದೆ ಸಾರ್ವಜನಿಕ ಸೌಲಭ್ಯಗಳು ವಿಕಲಚೇತನರಿಗೂ ಎಟುಕಬೇಕು ಎನ್ನುತ್ತದೆ. ಈ ಬಗೆಗಿನ ನಿಯಮಗಳು ಬರೀ ಸಲಹೆಯಂತಿದ್ದರೆ ಸಾಲದು, ಕಡ್ಡಾಯವಾಗಬೇಕು ಎಂದು ಸುಪ್ರೀಂ ಕೋರ್ಟ್ 2024ರ ನವೆಂಬರ್‌ನಲ್ಲಿ ತೀರ್ಪು ಕೊಟ್ಟಿದೆ. ನೀವು ಹೋದ ಉದ್ಯಾನದಲ್ಲಿ ರ್‍ಯಾಂಪ್ ಇಲ್ಲದಿದ್ದರೆ, ಶೌಚಾಲಯದ ಬಾಗಿಲು ಕಿರಿದಾಗಿದ್ದರೆ, ಅಳತೆ ಸಮೇತ ಬರೆದು ಇಲಾಖೆಗೆ ಕೊಡಿ. ಮುಂದೆ ಬರುವವರಿಗೆ ನೆರವಾಗುತ್ತದೆ.

ಫೋನಿನಲ್ಲಿ ಕೇಳಬೇಕಾದ ಆರು ಪ್ರಶ್ನೆ

1. ವಾಹನ ನಿಲ್ಲುವ ಜಾಗದಿಂದ ನೋಡುವ ತಾಣಕ್ಕೆ ಎಷ್ಟು ಮೀಟರ್?
2. ನೆಲ ಯಾವುದು: ಡಾಂಬರು, ಗಟ್ಟಿ ಜಲ್ಲಿಮಣ್ಣು, ಹಲಗೆ, ಸಡಿಲ ಕಲ್ಲು?
3. ಅತಿ ಕಡಿದಾದ ತುಣುಕು ಎಲ್ಲಿ, ಎಷ್ಟು ಉದ್ದ?
4. ವೀಲ್‌ಚೇರ್ ಒಳಗೆ ಹೋಗಿ ತಿರುಗುವಷ್ಟು ಜಾಗವಿರುವ ಶೌಚಾಲಯ ಎಲ್ಲಿದೆ, ಇವತ್ತು ತೆರೆದಿದೆಯೇ?
5. ಜಾಗದ ಎತ್ತರ ಎಷ್ಟು, ಬೇಗ ಕೆಳಗಿಳಿಯುವ ದಾರಿ ಯಾವುದು?
6. ಹತ್ತಿರದ ಆಸ್ಪತ್ರೆ ಎಲ್ಲಿ, ಮೊಬೈಲ್ ಸಿಗ್ನಲ್ ಎಲ್ಲಿಂದ ಸಿಗುತ್ತದೆ?

ಮೊದಲ ನಾಲ್ಕರ ಉತ್ತರ ದಾರಿಯದು, ಕೊನೆಯ ಎರಡರದು ದೇಹದ ಸುರಕ್ಷತೆಯದು. ಆರಕ್ಕೂ ಉತ್ತರ ಸಿಕ್ಕ ಮೇಲೆ ಆ ಹಾಳೆಯನ್ನು ನಿಮ್ಮ ವೈದ್ಯರಿಗೆ ತೋರಿಸಿ. ಅವರು ನೆತ್ತಿ ಬೇಡ ಎಂದರೂ ಕೆರೆಯ ದಡ ಸಾಕು ಎನ್ನಬಹುದು. ದಡದಲ್ಲಿ ಕೂತು ಶಿಖರ ನೋಡಿ ಕ್ಷೇಮವಾಗಿ ಮನೆಗೆ ಬಂದರೆ ಅದೂ ಪೂರ್ತಿ ಪ್ರವಾಸವೇ.